ಸರ್ಪಸುತ್ತಿಗೆ ಟೇಪು ಹಿಡಿಯದಿರುವ ಕುರಿತು

ಸಂಖ್ಯೆ: ಹೊಸ/ಸರ್ಪ/ಎಡಪಕ್ಕೆ/೦೧

ವಿಷಯ: ಭೂಮಾಪಕ ಶ್ರೀ ಮಂಜುನಾಥಪ್ಪನವರ ಮೈಮೇಲೆ ಎದ್ದ ಸರ್ಪಸುತ್ತನ್ನು ಸಿಬ್ಬಂದಿಯು ಅಳತೆ ಮಾಡಿದ ಬಗ್ಗೆ.

ಉಲ್ಲೇಖ: ೧. ಶ್ರೀಯುತರ ಕೂಗು (ಮೌಖಿಕ)
೨. ಅವರ ಪತ್ನಿ ಶ್ರೀಮತಿ ಮೂಕಮ್ಮನವರ ಬೈಗುಳ (ದೂರವಾಣಿ ಮೂಲಕ)

ನಗರ ಹೋಬಳಿಯ ಕೋಟೆ ಬಳಿ ಗದ್ದೆಯೊಂದರ ಅಳತೆಗೆ ಹೋಗಿದ್ದ ಮಂಜುನಾಥಪ್ಪನವರಿಗೆ ಎಡಪಕ್ಕೆಯಲ್ಲಿ ಕೆಂಡ ಇಟ್ಟಂತೆ ಉರಿ ಶುರುವಾಯಿತು. ಅಂಗಿ ತಾಗಿದರೂ ಜೀವ ಹೋಗುತ್ತಿತ್ತು. ಗ್ಯಾಸ್ ಇರಬೇಕೆಂದು ಸೋಡಾ ಕುಡಿದರು, ಪ್ರಯೋಜನವಾಗಲಿಲ್ಲ. ಮರುದಿನ ಅಲ್ಲಿ ಕೆಂಪು ಪಟ್ಟಿ, ಅದರ ಮೇಲೆ ನೀರುಗುಳ್ಳೆಗಳ ಸಾಲು ಕಂಡುಬಂದಿತು. ಕಚೇರಿಯಲ್ಲಿ ಗುಮಾಸ್ತ ಕಿರಣ್ ಅಂಗಿ ಎತ್ತಿ ನೋಡಿ, "ಅಯ್ಯೋ ಸಾರ್, ಸರ್ಪಸುತ್ತು! ತಲೆ-ಬಾಲ ಕೂಡಿದ್ರೆ ಮನುಷ್ಯ ಉಳಿಯಲ್ಲ" ಎಂಬ ಅಭಿಪ್ರಾಯ ಸಲ್ಲಿಸಿ, ಸರ್ಕಾರಿ ಟೇಪು ತಂದರು. ಜನ್ಮವಿಡೀ ಊರಿನವರ ಗಡಿ ಅಳೆದ ಮಂಜುನಾಥಪ್ಪ ಕೈ ಮೇಲೆತ್ತಿ ನಿಂತು, "ಇನ್ನೆಷ್ಟು ಉಳಿದದೆ ಕಿರಣ್?" ಎಂದು ಕೇಳಿದರು.

ಸುದ್ದಿ ತಿಳಿದ ಮೂಕಮ್ಮ ಅವರನ್ನು ಎಳೆದುಕೊಂಡೇ ಸಾಗರದ ಡಾ. ವಂದನಾ ಬಳಿಗೆ ಒಯ್ದರು.

"ಚಿಕ್ಕೋರಿದ್ದಾಗ ಅಮ್ಮ, ಅಂದ್ರೆ ಚಿಕನ್ ಪಾಕ್ಸ್ ಆಗಿತ್ತಲ್ಲ, ಅದೇ ವೈರಸ್ಸು. ವಾಸಿಯಾದ್ಮೇಲೂ ಬೆನ್ನುಮೂಳೆ ಪಕ್ಕ ನರದ ಬುಡದಲ್ಲಿ ಅಡಗಿರುತ್ತೆ. ವಯಸ್ಸಾಗಿ ಮೈಯ ಶಕ್ತಿ ಕುಂದಿದ್ರೆ ಆ ನರ ಹಿಡ್ಕೊಂಡೇ ಹೊರಗೆ ಬರುತ್ತೆ. ನರ ಒಂದೇ ಪಕ್ಕದ್ದು, ಹಾಗಾಗಿ ಸಾಮಾನ್ಯವಾಗಿ ನಡುಗೆರೆ ದಾಟಲ್ಲ," ಎಂದರು ಡಾಕ್ಟರು.

"ಅಂದ್ರೆ ಎಡ ಬಲ ಬೇರೆ ಬೇರೆ ಸರ್ವೆ ನಂಬರಾ ಮೇಡಂ?"

"ಹಾಗೇ ಅಂದ್ಕೊಳ್ಳಿ. ಬೇಗ ಬಂದ್ರಿ, ಮಾತ್ರೆ ಕೆಲಸ ಮಾಡುತ್ತೆ."

ಶ್ರೀಯುತರು ಆಗ ಉಸಿರು ಬಿಟ್ಟಿದ್ದು ಹೊರಗಿನ ಬೆಂಚಿನವರೆಗೂ ಕೇಳಿಸಿತೆಂದು ವರದಿಯಾಗಿದೆ.

ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

೧. ತಲೆ-ಬಾಲಗಳು ಕಚೇರಿ ವೇಳೆಯಲ್ಲಿ ಕೂಡತಕ್ಕದ್ದಲ್ಲ. ರಜಾದಿನಗಳಲ್ಲೂ ಅನುಮತಿ ಇರುವುದಿಲ್ಲ.

೨. ನೌಕರರ ಸೊಂಟವನ್ನು ಕೃಷಿಭೂಮಿಯೆಂದು ಪರಿಗಣಿಸತಕ್ಕದ್ದಲ್ಲ.

೩. ಗುಳ್ಳೆಗೆ ಹಚ್ಚಲೆಂದು ಕೆಮ್ಮಣ್ಣು ಕಲಸಿ ತಂದವರು ಅದನ್ನು ಕಚೇರಿಯ ಮೆಟ್ಟಿಲಿಗೆ ಬಳಿದು, ಒಣಗುವವರೆಗೆ ಅಲ್ಲೇ ಕಾಯತಕ್ಕದ್ದು.

೪. ಗುಳ್ಳೆಯ ನೀರು ತಾಗಿದರೆ, ಅಮ್ಮ ಆಗದವರಿಗೆ ಅಮ್ಮ ಆಗಬಹುದು. ಬೆರಳಚ್ಚುಗಾರ್ತಿ ಲಿಖಿತಾ ಅವರಿಗೆ ಇದುವರೆಗೆ ಆಗಿಲ್ಲ. ಮೇಲಾಗಿ ಅವರು ಗರ್ಭಿಣಿ. ಇದನ್ನು ಕೇಳಿದ ಕೂಡಲೇ ಮಂಜುನಾಥಪ್ಪ, "ನನ್ನಿಂದ ಆ ಮಗೀಗೆ ಏನೂ ಆಗ್ಬಾರ್ದು" ಎಂದು, ಎಲ್ಲ ಗುಳ್ಳೆಗಳು ಹಕ್ಕಳೆ ಕಟ್ಟುವವರೆಗೆ ತಾವಾಗಿಯೇ ಮನೆಯಲ್ಲಿ ಉಳಿದರು. ಇದನ್ನು ಗೈರುಹಾಜರಿ ಎನ್ನತಕ್ಕದ್ದಲ್ಲ.

೫. ಶ್ರೀಯುತರು ಈಗ ಹಾಜರಾಗಿದ್ದಾರೆ. ಹಕ್ಕಳೆ ಉದುರಿದೆ, ನರದ ಉರಿ ಹೋಗಿಲ್ಲ. ಫ್ಯಾನಿನ ಗಾಳಿ ತಾಗಿದರೂ ಮುಖ ಕಿವುಚುತ್ತಾರೆ. ಅವರ ಬೆನ್ನು ತಟ್ಟಿ ಅಭಿನಂದಿಸಲು ಬಯಸುವವರು ಬಲಗಡೆಯಿಂದ ಅರ್ಜಿ ಸಲ್ಲಿಸಿ, ಗಾಳಿಯಲ್ಲೇ ತಟ್ಟತಕ್ಕದ್ದು.

(ಸಹಿ ಇದೆ)
ಕಚೇರಿ ಮುಖ್ಯಸ್ಥರು, ಹೊಸನಗರ

ಪ್ರತಿಗಳು:
೧. ಶ್ರೀಮತಿ ಮೂಕಮ್ಮನವರಿಗೆ, ಕ್ಷಮೆ ಕೋರಿ.
೨. ಗುಮಾಸ್ತ ಕಿರಣ್ ಅವರಿಗೆ, ಟೇಪು ತೊಳೆದು ಒಪ್ಪಿಸಲು.
೩. ಸೂಚನಾ ಫಲಕಕ್ಕೆ. ಮೊಳೆಯನ್ನು ಮೆಲ್ಲಗೆ ಹೊಡೆಯುವುದು. ಗೋಡೆಯ ಆಚೆ ಬದಿಗೆ ಮಂಜುನಾಥಪ್ಪನವರು ಒರಗಿ ಕೂತಿದ್ದಾರೆ.