ಹುಲ್ಲಿನ ರೋಬೋಟ್ ಹಿಂದೆ ನನ್ನ ಓಟ

ಲಾನಿನ ಹುಲ್ಲು ಕತ್ತರಿಸುವ ರೋಬೋಟ್ ಕೂರಿಸುವುದು ನನ್ನ ಕೆಲಸ. ಆಮೆಯ ಹಾಗಿರುವ ಆ ಮೆಷಿನ್ ತಾನಾಗಿ ಹೊರಟು, ಹುಲ್ಲು ಕತ್ತರಿಸಿ, ತಾನಾಗಿ ಚಾರ್ಜಿನ ಗೂಡಿಗೆ ಬರುತ್ತದೆ. ಅಂಚಿನಲ್ಲಿ ನಾವು ಹೂತಿಟ್ಟ ವಯರನ್ನು ದಾಟುವುದಿಲ್ಲ. ಕಂಪೆನಿಯ ಪುಸ್ತಕದಲ್ಲಿ ಇಷ್ಟೇ ಇರುವುದು. ಉಳಿದದ್ದೆಲ್ಲ ನಾನು ಹೋದಲ್ಲಿ ಆಗುತ್ತಲೇ ಇರುತ್ತದೆ.

ಮಣಿಪಾಲದ ಮಾಲಿ

ಅದೊಂದು ಗೆಸ್ಟ್ ಹೌಸು. ಲಾನು ಅಂದರೆ ಪೂರ್ತಿ ಇಳಿಜಾರು. ಅಲ್ಲಿನ ಹಳೆಯ ಮಾಲಿ ನಾನು ಬಂದಾಗಿನಿಂದ ಬದಿಯಲ್ಲಿ ನಿಂತು ನೋಡುತ್ತಿದ್ದರು. ಮೆಷಿನ್ ಏರು ಹತ್ತಿದಷ್ಟೂ ಅವರ ಮುಖ ಇಳಿಯುತ್ತಿತ್ತು. ಕೊನೆಗೆ ಮೆಲ್ಲ ಕೇಳಿದರು, "ಇನ್ನು ನಾನು ಮನೆಗೆ ಹೋಗುವುದಾ?"

"ಎಂತ ಮಾರಾಯ್ರೆ! ಇದರ ಚಕ್ರದ ಕೆಸರು ತೆಗೆಯುವುದು ಯಾರು? ಬ್ಲೇಡ್ ಬದಲಿಸುವುದು ಯಾರು? ಮರದ ಬುಡದ ಹುಲ್ಲು ಇದಕ್ಕೆ ಎಟಕುವುದೇ ಇಲ್ಲ. ಎಲ್ಲ ನೀವೇ ಮಾಡಬೇಕು."

ಅವರು ಉಸಿರು ಬಿಟ್ಟು, ಹೆಗಲ ಬೈರಾಸು ಬಟ್ಟೆ ಕೊಡವಿಕೊಂಡರು. "ಅಂದರೆ ಇಷ್ಟು ವರ್ಷದ ಮೇಲೆ ನನಗೂ ಒಂದು ಅಸಿಸ್ಟೆಂಟ್ ಕೊಟ್ಟರು ಅನ್ನಿ!"

ಕಾಪುವಿನ ಪ್ರಾರ್ಥನೆ

ಗಲ್ಫಿನಿಂದ ಬಂದ ಕೊಂಕಣಿ ಕ್ರಿಶ್ಚಿಯನ್ ಕುಟುಂಬ. ಮನೆ ಮುಂದಿನ ದೊಡ್ಡ ಲಾನಿನಲ್ಲೇ ಮಗಳ ನಿಶ್ಚಿತಾರ್ಥ. ಅಲ್ಲಿ ಮೆಷಿನ್ ಕೂರಿಸಿದ ನನ್ನನ್ನೂ ಕರೆದಿದ್ದರು. ಫಾದರ್ ಪ್ರಾರ್ಥನೆ ಶುರು ಮಾಡಿದರು, ಎಲ್ಲರೂ ನಿಂತು ಕಣ್ಣು ಮುಚ್ಚಿದರು. ಗಂಟೆ ನಾಲ್ಕಾಯಿತು. ದಿನಾ ನಾಲ್ಕಕ್ಕೆ ಮೆಷಿನ್ ಹೊರಡಿಸುವ ಟೈಮರ್ ನಿಲ್ಲಿಸಲು ನಾನು ಮರೆತಿದ್ದೆ. ಗೂಡಿನಿಂದ ಹೊರಟ ಮೆಷಿನ್ ಸೀದಾ ಮದುಮಗಳ ಉದ್ದ ಗೌನಿನ ಕಡೆಗೆ!

ಕೂಗುವ ಹಾಗಿಲ್ಲ, ಓಡುವ ಹಾಗಿಲ್ಲ. ಕುರ್ಚಿಗಳ ನಡುವೆ ಅಂಬೆಗಾಲಿಟ್ಟು ಹೋಗಿ, ಗೌನಿಗೆ ಇನ್ನು ಒಂದು ಗೇಣು ಇದೆ ಅನ್ನುವಾಗ ಕೆಂಪು ಬಟನ್ ಒತ್ತಿದೆ. ಜೀವ ಬಂದ ಹಾಗಾಗಿ ಅಲ್ಲೇ ತಲೆ ತಗ್ಗಿಸಿದೆ. ಅಷ್ಟರಲ್ಲಿ "ಆಮೆನ್" ಆಯಿತು, ಎಲ್ಲರೂ ಕಣ್ಣು ಬಿಟ್ಟರು.

ಮನೆಯ ಹಿರಿಯ ಅಜ್ಜಿ ಬಾಯಮ್ಮ ಕಣ್ಣೊರೆಸಿಕೊಂಡರು. "ನೋಡಿ, ನಮ್ಮವರೆಲ್ಲ ನಿಂತೇ ಇದ್ದರು. ಈ ಮೆಷಿನಿನವರು ಮಾತ್ರ ಮೊಣಕಾಲೂರಿದ್ದಾರೆ!"

ಕಾರ್ಕಳದಿಂದ ಪೆರ್ಡೂರಿಗೆ

ಇದರಲ್ಲಿ ತಪ್ಪು ನನ್ನದೇ. ಕಾರ್ಕಳದಲ್ಲಿ ನಿವೃತ್ತ ಮಾಷ್ಟ್ರೊಬ್ಬರ ಮನೆ ಗುಡ್ಡೆಯ ಮೇಲೆ ಉಂಟು. ಲಾನು ಮುಗಿದಲ್ಲಿ ಹತ್ತಡಿ ಕೆಳಗೆ ರಸ್ತೆ. ಇಳಿಜಾರಿನಲ್ಲಿ ವಯರನ್ನು ಅಂಚಿನಿಂದ ಸಾಕಷ್ಟು ಹಿಂದೆ ಹೂಳಬೇಕು. ನಾನು ಅಂಚಿಗೇ ಹೂತಿದ್ದೆ.

ಮಳೆ ಬಂದ ಮರುದಿನ ಮಾಷ್ಟ್ರ ಫೋನು. "ನಿಮ್ಮ ರೋಬೋಟ್ ಗೆರೆ ದಾಟುವುದಿಲ್ಲ ಅಂದಿದ್ದಿರಿ ಅಲ್ವಾ? ಮೊಬೈಲಿನ ಮ್ಯಾಪಿನಲ್ಲಿ ನೋಡಿದರೆ ಅದು ಹಿರಿಯಡ್ಕ ಪೇಟೆ ದಾಟಿದೆ!"

ಆ ಗುಡ್ಡೆಯ ಕೆಳಗೆ ಮಕ್ಕಳು ನಡೆದು ಹೋಗುವ ರಸ್ತೆ. ಯಾರ ತಲೆ ಮೇಲೆ ಬಿತ್ತೋ, ಯಾರು ಹೊತ್ತುಕೊಂಡು ಹೋದರೋ! ಬೈಕ್ ಹತ್ತಿ, ಮೊಬೈಲಿನ ಚುಕ್ಕೆ ಹಿಡಿದು ಓಡಿದೆ. ಚುಕ್ಕೆ ನಿಂತದ್ದು ಪೆರ್ಡೂರಿನ ಒಂದು ದನದ ಹಟ್ಟಿಯ ಎದುರು. ಅಲ್ಲಿ ಬೈಹುಲ್ಲು ತುಂಬಿದ ಪಿಕಪ್, ಹುಲ್ಲಿನ ಮೇಲೆ ಮಗುಚಿ ಬಿದ್ದು ಬೀಪ್ ಬೀಪ್ ಎಂದು ಕಿರುಚುತ್ತಿರುವ ನನ್ನ ಮೆಷಿನ್. ಡ್ರೈವರ್ ದೂರದಲ್ಲಿ ಕೋಲು ಹಿಡಿದು ನಿಂತಿದ್ದ. ಚಹಾಕ್ಕೆಂದು ಅವನು ಗುಡ್ಡೆಯ ಕೆಳಗೆ ಗಾಡಿ ನಿಲ್ಲಿಸಿದ್ದನಂತೆ. ಒದ್ದೆ ಹುಲ್ಲಿನಲ್ಲಿ ಜಾರಿದ ಮೆಷಿನ್ ಮೆತ್ತಗೆ ಅದರೊಳಗೆ ಬಿದ್ದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

"ಸಿಕ್ಕಿತು ಮಾಷ್ಟ್ರೇ! ಯಾರಿಗೂ ಎಂತ ಆಗಲಿಲ್ಲ," ಎಂದು ಫೋನಿನಲ್ಲಿ ಹೇಳಿದೆ. ಆ ಕಡೆ ಅವರೂ ದೇವರ ಹೆಸರು ಹೇಳಿದರು.

ಹಟ್ಟಿಯ ಅಕ್ಕ ಹತ್ತಿರ ಬಂದರು. "ಇದು ಎಂತ ಮಾಡ್ತದೆ?"

"ಹುಲ್ಲು ಕತ್ತರಿಸ್ತದೆ ಅಕ್ಕಾ. ತಾನೇ ಹೋಗಿ ತಾನೇ ಮನೆಗೆ ಬರ್ತದೆ."

"ಅಷ್ಟು ನನ್ನ ದನವೂ ಮಾಡ್ತದೆ. ಗುಡ್ಡೆಯಲ್ಲಿ ಜಾರುವುದಿಲ್ಲ, ಕರೆಂಟು ಬೇಡ, ಮತ್ತೆ ಎರಡು ಹೊತ್ತು ಹಾಲು ಕೊಡ್ತದೆ. ನಿಮ್ಮದು ಎಂತ ಕೊಡ್ತದೆ?"

ನಾನು ಬಗ್ಗಿ ಮೆಷಿನಿನ ಮೇಲಿನ ಹುಲ್ಲು ಕೊಡವಿದೆ. ಫೋನು ಇನ್ನೂ ಇಟ್ಟಿರಲಿಲ್ಲ. ಅದರೊಳಗಿಂದ ಮಾಷ್ಟ್ರ ಸ್ವರ ಕೇಳಿತು.

"ಒಮ್ಮೆ ಆ ಅಕ್ಕನ ಹತ್ತಿರ ಕೇಳಿ ಮಾರಾಯ್ರೆ, ಬದಲಿಗೆ ದನ ಕೊಡ್ತಾರಾ ಅಂತ!"