ಅವರೆಕಾಳಿನ ಗಾತ್ರದ ಅಕ್ಷರಗಳು

ಹೋದ ವರ್ಷ ದೀಪಾವಳಿ ಕಳೆದ ಮೊದಲ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ನಮ್ಮ ಕಡೆಯ ಒಂದು ಉಣ್ಣೆ-ಕಂಬಳಿ ಮಾರಾಟ ಸಂಘದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಚೇರಿಗಳ ಎಲ್ಲ ಕಂಪ್ಯೂಟರುಗಳಲ್ಲೂ ಅಕ್ಷರಗಳು ಒಟ್ಟಿಗೇ ಅವರೆಕಾಳಿನ ಗಾತ್ರಕ್ಕೆ ಊದಿಕೊಂಡವು. ಕಾರಣ, ನಮ್ಮ ಸೋದರಮಾವ.

ನಮ್ಮ ಮಾವನಷ್ಟು ಶ್ರದ್ಧೆಯ ಕುರಿಗಾಹಿ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಅವರ ಬಳಿ ಒಂದೇ ಒಂದು ಕುರಿಯೂ ಇಲ್ಲ!

ಇರುವುದು ನಲವತ್ತೊಂದು ಕಂಪ್ಯೂಟರು. ಅವೂ ಕಣ್ಣಿಗೆ ಕಾಣುವಂಥವಲ್ಲ. ಸಂಘದ ಮೇಜುಗಳ ಮೇಲಿರುವುದು ಬರೀ ಪರದೆ, ಕೀಬೋರ್ಡು, ಊಟದ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ. ನಿಜವಾದ ಕಂಪ್ಯೂಟರುಗಳೆಲ್ಲ ಚಿತ್ರದುರ್ಗದ ಕಚೇರಿಯ ಹಿಂದಿನ ಕೋಣೆಯಲ್ಲಿ, ಒಂದು ಸರ್ವರಿನ ಹೊಟ್ಟೆಯಲ್ಲಿವೆ. ಹೊಸದುರ್ಗದಲ್ಲಿ ಗುಂಡಿ ಒತ್ತಿದರೆ ಕೆಲಸ ನಡೆಯುವುದು ದುರ್ಗದಲ್ಲಿ. ಉತ್ತರ ಕಾಣುವುದು ಮತ್ತೆ ಹೊಸದುರ್ಗದಲ್ಲಿ. ಇದಕ್ಕೆ ವರ್ಚುವಲ್ ಡೆಸ್ಕ್‌ಟಾಪ್ ಎಂದು ಹೆಸರು. ಮಾವ ಆ ಕೋಣೆಯನ್ನು ಕರೆಯುವುದು ‘ರೊಪ್ಪ’ ಎಂದು. ಅವರಪ್ಪ ಕುರಿ ಕೂಡುತ್ತಿದ್ದುದೂ ರೊಪ್ಪದಲ್ಲೇ ಅಲ್ಲವೆ?

ಹಳೆಯ ಸರ್ವರಿಗೆ ವಯಸ್ಸಾಗಿತ್ತು, ಹೊಸದು ಬಂತು. ಅಷ್ಟೂ ಕಂಪ್ಯೂಟರುಗಳನ್ನು ಅದಕ್ಕೆ ಸಾಗಿಸುವ ಹೊಣೆ ಮಾವನದು, ಅವರ ಸಹಾಯಕ ನಾನು. ಈ ನಡುವೆ ಸಂಘದ ಕಾರ್ಯದರ್ಶಿ ಒಂದು ನೋಟಿಸು ಅಂಟಿಸಿದರು: ಸೋಮವಾರದಿಂದ ಹೊಸ ಕಂಪ್ಯೂಟರು ನಡೆಸಲಾಗದವರನ್ನು ಶ್ರೀರಾಂಪುರದ ಗೋದಾಮಿಗೆ, ಉಣ್ಣೆ ಆರಿಸುವ ಕೆಲಸಕ್ಕೆ ಕಳಿಸಲಾಗುವುದು. ದಿನವಿಡೀ ನಿಂತು, ಉಣ್ಣೆಯ ದೂಳು ಕುಡಿಯುವ ಕೆಲಸ ಅದು.

ಬೇರೆ ಯಾರಾದರೂ ಆಗಿದ್ದರೆ ಕೋಣೆಯಲ್ಲಿ ಕೂತೇ ಕೆಲಸ ಮುಗಿಸುತ್ತಿದ್ದರು. ಮಾವ ಒಪ್ಪಲಿಲ್ಲ. “ಲೇ ಅಳಿಯ, ಒಂದೊಂದು ಕುರಿ ಮುಖಾನೂ ನೋಡ್ದೆ ರೊಪ್ಪ ಬದ್ಲಾಯ್ಸಬಾರ್ದು. ಬೈಕ್ ತೆಗಿ, ಹೋಗಾಣ.”

ಹೋದೆವು. ಐಮಂಗಲದಲ್ಲಿ ಚಹಾ, ಆಮೇಲೆ ಹಿರಿಯೂರು. ಮಾವ ಪ್ರತಿಯೊಬ್ಬರ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು, ನೋಟ್‌ಬುಕ್ ಬಿಚ್ಚಿ, ಅವರು ಕೆಲಸ ಮಾಡುವುದನ್ನು ಸುಮ್ಮನೆ ನೋಡುವುದು! ಒಬ್ಬ ಗುಮಾಸ್ತರು ಬೆವರು ಒರೆಸಿಕೊಳ್ಳುತ್ತ ಹೇಳಿದರು: “ಸಾರ್, ಏನಾರ ಮಾಡ್ಕಳ್ರಿ. ಪರದೆ ಮೇಲಿನ ಕಸದ ಬುಟ್ಟಿ ಮಾತ್ರ ಈಶಾನ್ಯಕ್ಕೆ ಬರ್ಬಾರ್ದು.”

ನಾನು ನಕ್ಕೆ. ಮಾವ ನಗಲಿಲ್ಲ. “ನಿಂತಿರೋ ಪರದೇಲಿ ಈಶಾನ್ಯ ಎಲ್ಲಿ ಬರ್ತೈತ್ರಿ?” ಎಂದು ಚರ್ಚೆಗೆ ಕೂತರು. ಮೊಬೈಲಿನ ದಿಕ್ಸೂಚಿ ಹೊರಬಂತು. ಅರ್ಧ ಗಂಟೆಯ ನಂತರ ನೋಟ್‌ಬುಕ್ಕಿನಲ್ಲಿ ದಾಖಲಾಯಿತು: ‘ಹಿರಿಯೂರು, ನಾಲ್ಕನೇ ಮೇಜು. ಕಸ ನೈರುತ್ಯ.’

ಹೊಳಲ್ಕೆರೆಯ ಗುಮಾಸ್ತೆಯೊಬ್ಬರ ಪರದೆಯ ತುಂಬ ಅವರ ಅತ್ತೆಯ ಫೋಟೊ.

“ಅತ್ತೆ ಮೇಲೆ ಇಷ್ಟೊಂದು ಪ್ರೀತಿನಾ ತಾಯಿ?”

“ಹಂಗೇನಿಲ್ರಿ. ಇದನ್ನ ನೋಡ್ತಿದ್ರೆ ಮನೆಗೋಗೋ ಅವಸರ ಇರಲ್ಲ. ಕೆಲಸ ಚೆನ್ನಾಗಾಗ್ತೈತೆ.”

ಮಾವ ಬರೆದುಕೊಂಡರು: ‘ಅತ್ತೆ ಇರಲಿ.’

ಹೊಸದುರ್ಗದಲ್ಲಿ ಎಲ್ಲರೂ ‘ಆಪಾ’, ಅಂದರೆ ಅಕ್ಕ, ಎನ್ನುವ ಹಿರಿಯ ಗುಮಾಸ್ತೆಯ ಹಿಂದೆ ಮಾವ ಇಡೀ ಮಧ್ಯಾಹ್ನ ಕೂತರು. ನಾನು ಹೊರಗೆ ಎರಡು ಸಲ ಮಂಡಕ್ಕಿ ಮೆಣಸಿನಕಾಯಿ ತಿಂದೆ. ಮಾವ ಹೊರಬಂದಾಗ ನೋಟ್‌ಬುಕ್ಕಿನ ಆ ಪುಟ ಖಾಲಿ.

“ಏನೂ ಬರ್ಕಳ್ಲಿಲ್ವಾ ಮಾವ?”

“ಚಾ ಚೆನ್ನಾಗಿತ್ತು, ನಡಿ.”

ಶುಕ್ರವಾರ ಪರೀಕ್ಷೆಗೆಂದು ಕಾರ್ಯದರ್ಶಿಯವರ ಕಂಪ್ಯೂಟರನ್ನೇ ಮೊದಲು ಸಾಗಿಸಿದರು. “ನಂದೇ ಯಾಕ್ರೀ?” ಎಂದು ಅವರು ಕೇಳಿದರೆ, “ಗಂಟೆ ಕಟ್ಟಿದ ಟಗರು ಮೊದ್ಲು ದಾಟ್ಬೇಕು ಸಾರ್, ಮಿಕ್ಕವು ತಾವೇ ಬರ್ತವೆ” ಎಂದರು. ಕಾರ್ಯದರ್ಶಿ ಸ್ವಲ್ಪ ಯೋಚಿಸಿ, ಹೊಗಳಿಕೆ ಎಂದೇ ತೀರ್ಮಾನಿಸಿದರು. ಎಲ್ಲ ಸರಿಯಾಗಿತ್ತು. ಭಾನುವಾರ ಮಿಕ್ಕ ನಲವತ್ತೂ ದಾಟಿದವು.

ಸೋಮವಾರ ಏನಾಯಿತೆಂದು ಮೊದಲೇ ಹೇಳಿದ್ದೇನೆ. ಕಾರ್ಯದರ್ಶಿ ರೊಪ್ಪಕ್ಕೇ ನುಗ್ಗಿದರು.

“ಏನ್ರೀ ಇದು, ಅಕ್ಷರನೋ ಅಂಗಡಿ ಬೋರ್ಡೋ? ಶುಕ್ರವಾರ ಸರೀಗಿತ್ತಲ್ರೀ!”

“ಶುಕ್ರವಾರ ನಿಮ್ದೊಂದೇ ಇತ್ತು ಸಾರ್. ಈಗ ಮಂದೆ ಪೂರ್ತಿ ಒಳಗೈತೆ. ಜಾಗ ಸಾಲ್ದೆ ಉಬ್ಬೈತೆ.”

“ಇಳ್ಸಾಕೆ ಆಗಲ್ವಾ?”

“ಹೊಸ ವರ್ಶನ್ನು ಸಾರ್. ಮುಟ್ಟಬಾರ್ದು.”

ಇಪ್ಪತ್ತು ವರ್ಷ ಈ ವಿದ್ಯೆಯಲ್ಲಿ ಪಳಗಿದ ಮನುಷ್ಯ, ಕಣ್ಣು ಮಿಟುಕಿಸದೆ ಹೇಳಿದ ಮಾತು ಇದು! ಕಾರ್ಯದರ್ಶಿ ನಂಬಿದರು. ಸಂಜೆ ಮತ್ತೆ ಬಂದು, ದನಿ ತಗ್ಗಿಸಿ ಹೇಳಿದರು: “ಕನ್ನಡಕ ಮನೇಲೇ ಬಿಟ್ ಬಂದಿದೀನಿ ಕಣ್ರೀ. ಇಡೀ ದಿನ ಓದಿದ್ರೂ ಈಗ ಗೊತ್ತಾಯ್ತು.”

ದೂರಿನ ಕರೆಗಳನ್ನು ನಾನೇ ಬರೆದಿಟ್ಟುಕೊಂಡಿದ್ದೆ. ಆ ದಿನ ನಲವತ್ತು ಮೇಜಿನವರು ಬೈದಿದ್ದರು. ಒಂದು ಮೇಜಿನಿಂದ ಕರೆಯೇ ಇಲ್ಲ. ಹೊಸದುರ್ಗ, ಆಪಾ ಅವರದು. ಪಟ್ಟಿಯನ್ನು ಮಾವನ ಮುಂದೆ ಇಟ್ಟೆ.

ಮಾವ ಬಾಗಿಲು ಮುಂದೆ ಮಾಡಿದರು. “ಸಕ್ಕರೆ ಕಾಯಿಲೆಗೆ ಅವರ ಕಣ್ಣು ಮಂಜಾಗೈತೆ. ಮೂಗು ಪರದೆಗೆ ತಾಗಿಸ್ಕಂಡು ಓದ್ತಿದ್ರು. ‘ಭಾಯ್, ಇನ್ನು ಹನ್ನೊಂದು ತಿಂಗಳು ಸರ್ವಿಸ್ ಐತೆ. ಯಾರಿಗೂ ಹೇಳಬ್ಯಾಡ್ರಿ, ಶ್ರೀರಾಂಪುರಕ್ಕೆ ಹಾಕ್ತಾರೆ’ ಅಂದ್ರು.”

“ಕಸದ ಬುಟ್ಟಿ ಒಂದೊಂದು ಮೇಜಿಗೂ ಬೇರೆ ಮಾಡಿದ್ರಿ. ಅವರೊಬ್ಬರಿಗೇ ಅಕ್ಷರ ದೊಡ್ದು ಮಾಡಬೋದಿತ್ತಲ್ಲ ಮಾವ?”

“ದಾರೀಲಿ ಹೋಗೋರೆಲ್ಲ ಆ ಒಂದು ಪರದೆ ನೋಡ್ತಿದ್ರು. ಕುರಿ ಒಂದರ ಕಾಲು ನೊಂದಿದ್ರೆ ನಮ್ಮಪ್ಪ ಅದನ್ನ ಹಿಂದೆ ಬಿಡ್ತಿರ್ಲಿಲ್ಲ ಕಣೋ. ಮಂದೇನೇ ನಿಧಾನ ನಡಸ್ತಿದ್ದ.”

ಹನ್ನೊಂದು ತಿಂಗಳು ಮಂದೆ ನಿಧಾನವಾಗಿ ನಡೆಯಿತು. ಹೊಸದುರ್ಗದಿಂದ ಯಾರೂ ಶ್ರೀರಾಂಪುರಕ್ಕೆ ಹೋಗಲಿಲ್ಲ.

ಆಪಾ ಹಿಂದಿನ ಶನಿವಾರ ನಿವೃತ್ತರಾದರು. ಹಾರ ಹಾಕಿಸಿಕೊಂಡು, ನನ್ನನ್ನು ಹತ್ತಿರ ಕರೆದು, “ಇನ್ನು ಬರ್ಕಳಪ್ಪ, ಭಾಯ್ ಮಾಡಿದ್ದು ನಾಲ್ಕು ಜನಕ್ಕೆ ಗೊತ್ತಾಗ್ಲಿ” ಎಂದರು. ಸೋಮವಾರ ಬೆಳಿಗ್ಗೆ ಮಾವ ಎಲ್ಲ ಕಂಪ್ಯೂಟರುಗಳ ಅಕ್ಷರಗಳನ್ನೂ ಮೊದಲಿನ ಗಾತ್ರಕ್ಕೆ ಇಳಿಸಿದರು. ಹನ್ನೊಂದು ಗಂಟೆಯೊಳಗೆ ಮೂವತ್ತೆಂಟು ದೂರುಗಳು ಬಂದವು. ಮೊದಲನೆಯದು ಕಾರ್ಯದರ್ಶಿಯವರದು.

ಈಗ ನಾಲ್ಕೂ ಕಚೇರಿಗಳಲ್ಲಿ ಅಕ್ಷರಗಳು ಮತ್ತೆ ಅವರೆಕಾಳಿನ ಗಾತ್ರದಲ್ಲಿವೆ.