ಜಾಕ್ ಮೇಲೆ ಇಪ್ಪತ್ತು ದಿನ

ಕಾರು ಕಲಿಸುವ ಕೆಲಸದಲ್ಲಿ ದಿನಕ್ಕೊಂದು ತಮಾಷೆ ಆಗುತ್ತಲೇ ಇರುತ್ತದೆ. ಆದರೆ ನಾನು ಅತಿ ಹೆಚ್ಚು ನಕ್ಕಿದ್ದು ನನ್ನ ಕಾರು ಒಂದಡಿಯೂ ಓಡದ ದಿನಗಳಲ್ಲಿ.

೧

ವಸಂತಪುರದಲ್ಲಿ ನಾನು ಬಾಡಿಗೆಗಿರುವ ಮನೆಯ ಕಾಂಪೌಂಡಿನಲ್ಲೇ ನನ್ನ ಕಾರು ನಿಲ್ಲುವುದು. ಇರುವುದೊಂದೇ ಕಾರು, ಅದೇ ನನ್ನ ಅನ್ನ. ಮುಂದಿನ ಚಕ್ರದ ಹತ್ತಿರ ಕಟಕಟ ಸದ್ದು ಬಂತೆಂದು ಮೆಕ್ಯಾನಿಕ್‌ನನ್ನು ಕರೆಸಿದೆ. ಜಾಕ್ ಕೊಟ್ಟು ಎತ್ತಿ, ಚಕ್ರ ಬಿಚ್ಚಿ, "ಅರ್ಧ ಗಂಟೆ ಮೇಡಂ, ಸಾಮಾನು ತರ್ತೀನಿ" ಎಂದು ಹೋದವನು ಬಂದದ್ದು ಮರುದಿನ. ಅಷ್ಟರಲ್ಲಿ ಜಾಕ್ ಇಳಿದು ಕಾರು ಒಂದು ಕಡೆಗೆ ವಾಲಿಕೊಂಡಿತ್ತು.

"ಸಾಮಾನು ಎಲ್ಲೂ ಇಲ್ಲ, ಆರ್ಡರ್ ಹಾಕಿದೀನಿ" ಎಂದವನೇ ಮುಂಭಾಗವನ್ನು ಪೂರ್ತಿ ಎತ್ತಿ ಕಬ್ಬಿಣದ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ, ಹಿಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟ. "ಜಾಕ್ ಎತ್ತೋಕೆ ಮಾತ್ರ ಮೇಡಂ. ಅದರ ಮೇಲೇ ಗಾಡಿ ಬಿಟ್ಟು ಹೋಗಬಾರದು."

"ನಿನ್ನೆ ಹೇಳೋದಲ್ವಾ?"

"ನಿನ್ನೆ ನಾನು ಅರ್ಧ ಗಂಟೇಲಿ ಬರೋನಿದ್ದೆ."

೨

ಒಬ್ಬೊಬ್ಬರಾಗಿ ಕಲಿಯುವವರು ಬೇರೆ ಸ್ಕೂಲಿಗೆ ಹೋಗತೊಡಗಿದರು. ನನಗೆ ಅಳು ಬರುವಂತಾಯಿತು. ಉಳಿದವರಿಗೆ ನಿಂತ ಕಾರಿನಲ್ಲೇ ಪಾಠ ಮಾಡೋಣ ಎನ್ನಿಸಿತು. ಮೆಕ್ಯಾನಿಕ್‌ನನ್ನು ಕೇಳಿದೆ. "ಕೂತ್ಕೊಳ್ಳಿ, ಕುಣೀಬೇಡಿ" ಎಂದ.

ಕಾಲೇಜಿನ ಹುಡುಗಿಯೊಬ್ಬಳು ಇಪ್ಪತ್ತು ನಿಮಿಷ ಕ್ಲಚ್ ಒತ್ತಿ ಬಿಟ್ಟು ಅಭ್ಯಾಸ ಮಾಡಿ ಹಿಗ್ಗಿನಿಂದ ಇಳಿದಳು. "ಸಖತ್ ಕಂಟ್ರೋಲ್ ಬಂತು ಮೇಡಂ! ಒಂದ್ಸಲಾನೂ ಗಾಡಿ ಆಫ್ ಆಗ್ಲಿಲ್ಲ!"

ಆನ್ ಆಗಿರಲೇ ಇಲ್ಲ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ.

೩

ಮನೆ ಓನರ್ ಅಂಕಲ್‌ಗೆ ಅರವತ್ತೆಂಟು. ಈ ಬಡಾವಣೆಯೆಲ್ಲ ಹೊಲವಾಗಿದ್ದಾಗ ಇಲ್ಲೇ ಸೇವಂತಿಗೆ ಬೆಳೆದವರು. ಕಾರು ಕಲಿಯುವ ಆಸೆ, ಆದರೆ ವಿಪರೀತ ಭಯ. ಕಾರು ಓಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಶರ್ಟ್ ಹಾಕಿ ಬಂದು ಕೂರತೊಡಗಿದರು. ಆಂಟಿ ಕಾಫಿ ಲೋಟ ಹಿಡಿದು ಹಿಂದಿನ ಸೀಟಿನಲ್ಲಿ.

ಕಾಂಪೌಂಡಿನ ಹೊಂಗೆ ಮರದ ಎಲೆಗಳ ಸಂದಿಯ ಬಿಸಿಲು ಗಾಜಿನ ಮೇಲೆ ಅಲ್ಲಾಡುವಾಗ ಕಾರು ನಿಜಕ್ಕೂ ಮೆಲ್ಲಗೆ ಸಾಗುತ್ತಿದೆ ಅನ್ನಿಸುತ್ತಿತ್ತು. ಮುಂದೆ ಉಳಿದಿದ್ದ ಒಂದೇ ಚಕ್ರ ಗಾಳಿಯಲ್ಲೇ ಎಡಕ್ಕೆ ಬಲಕ್ಕೆ ತಿರುಗುತ್ತಿತ್ತು. ಅಂಕಲ್ ಕಣ್ಣು ಎಲ್ಲೋ ದೂರ.

"ಎಲ್ಲಿದೀವಿ ಅಂಕಲ್?"

"ಬಾವಿ ದಾಟಿದ್ವಲ್ಲಮ್ಮ. ಇನ್ನೇನು, ನಮ್ಮ ಹೂವಿನ ಹೊಲ."

"ಒಂಚೂರು ನಿಲ್ಸಿ, ಮುಡಿಗೆ ಹೂ ಕಿತ್ಕೋತೀನಿ" ಎಂದರು ಆಂಟಿ, ನಿದ್ದೆಯಲ್ಲಿ ಮಾತಾಡಿದಂತೆ.

ಅಂಕಲ್ ಇಂಡಿಕೇಟರ್ ಹಾಕಿ ಬ್ರೇಕ್ ಒತ್ತಿದರು. ನನಗೂ ಒಂದು ಗಳಿಗೆ ಹೂವಿನ ವಾಸನೆ ಬಂದಂತಾಯಿತು.

"ಹೊಲದಲ್ಲಿ ಇಂಡಿಕೇಟರ್ ಯಾರಿಗೆ ಅಂಕಲ್?"

"ಇರ್ಲಿ ಬಿಡಮ್ಮ. ಹಿಂದೆ ಎತ್ತಿನ ಗಾಡಿ ಬರ್ತಿರುತ್ತೆ."

೪

ಇಪ್ಪತ್ತನೆಯ ದಿನ ಸಾಮಾನು ಬಂತು. ಮೆಕ್ಯಾನಿಕ್ ಚಕ್ರ ಹಾಕಿ ಕಾರನ್ನು ಇಳಿಸಿದ. ಮರುದಿನ ಅಂಕಲ್ ಎಂದಿನಂತೆ ನನ್ನಿಂದ ಕೀ ಇಸಿದುಕೊಂಡು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲನ್ನೂ ಮುಟ್ಟದೆ ನಿಂತರು.

"ಬನ್ನಿ ಅಂಕಲ್."

"ಈಗ ಇದು ಓಡುತ್ತಲ್ಲಮ್ಮ!"

ಎಷ್ಟು ಹೇಳಿದರೂ ಒಪ್ಪಲಿಲ್ಲ. ಆಗ ಆಂಟಿ ಸೆರಗು ಸಿಕ್ಕಿಸಿಕೊಂಡರು. "ಇಷ್ಟು ದಿನ ಹಿಂದೆ ಕೂತು ನಾನೂ ಕಲ್ತಿದೀನಿ. ಆ ಕಡೆ ಸರೀರಿ" ಎಂದು ಸ್ಟೇರಿಂಗ್ ಹಿಡಿದೇಬಿಟ್ಟರು. ಆಮೇಲೆ ಎರಡು ತಿಂಗಳಲ್ಲಿ ಅವರಿಗೆ ಲೈಸೆನ್ಸೂ ಬಂತು. ಅವರನ್ನು ನೋಡಿ ಬೀದಿಯ ಇನ್ನೂ ನಾಲ್ಕು ಹೆಂಗಸರು ನನ್ನ ಹತ್ತಿರ ಸೇರಿಕೊಂಡರು. ಆದರೆ ನಾನು ಮರೆಯಲಾರದ್ದು ಆ ಮೊದಲ ಬೆಳಿಗ್ಗೆಯನ್ನೇ.

ಹೆಂಡತಿಯನ್ನು ಒಬ್ಬಳೇ ಕಳಿಸಲು ಧೈರ್ಯವಿಲ್ಲದೆ ಅಂಕಲ್ ಹಿಂದೆ ಹತ್ತಿದರು. ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ ಕೂಗತೊಡಗಿದರು: "ನಿಧಾನ ಕಣೇ! ನಿಧಾನ! ಇಷ್ಟು ಸ್ಪೀಡ್ ಬೇಡ!"

ಆಂಟಿ ಹಿಂದೆ ತಿರುಗಿ ಮೆಲ್ಲಗೆ ಹೇಳಿದರು: "ರೀ, ಕಣ್ಣು ಬಿಟ್ಟು ಕೀ ಕೊಡಿ. ನಿಮ್ಮ ಜೇಬಲ್ಲೇ ಇದೆ."